ಮರಮ್ಮನವರನ್ನು ಇನ್ನೊಂದು ಸಲ ಕರೆಯಿರಿ

ಇವರಿಗೆ,
ಸದಸ್ಯ ಕಾರ್ಯದರ್ಶಿಗಳು,
ದಾನಿಗಳ ಅನುಮತಿ ಸಮಿತಿ

ಮಾನ್ಯರೇ,

ನನ್ನ ಹೆಂಡತಿ ಸುಕನ್ಯಳಿಗೂ ಅವಳ ಬೆನ್ನಿಗೆ ಬಿದ್ದ ತಂಗಿ ಸಿಂಧುವಿಗೂ ಒಡಹುಟ್ಟಿದ ಸಂಬಂಧ ರುಜುವಾತಾಗಿಲ್ಲವೆಂದು ತಿಳಿಸುವ ತಮ್ಮ ಹಿಂಬರಹ ನಮ್ಮ ಕೈ ಸೇರಿದೆ. ಸುಕನ್ಯಳಿಗೆ ರಕ್ತದ ಕ್ಯಾನ್ಸರ್ ಇದೆ. ಸಿಂಧುವಿನ ಅಸ್ಥಿಮಜ್ಜೆಯನ್ನು ಅವಳಿಗೆ ಕಸಿ ಮಾಡಲು ಫೆಬ್ರವರಿ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಗಿತ್ತು. ತಮ್ಮ ಅನುಮತಿ ಬಾರದ್ದರಿಂದ ಆ ಹಾಸಿಗೆಯನ್ನು ಇನ್ನೊಬ್ಬ ರೋಗಿಗೆ ಕೊಟ್ಟರು. ಅವರಾದರೂ ಬದುಕಲಿ ಎಂದು ನಾನೂ ಸುಕನ್ಯಳೂ ಬಾಯಲ್ಲಿ ಹೇಳಿಕೊಂಡೆವು, ಮನಸ್ಸಿನಲ್ಲಿ ಏನು ಹೇಳಿಕೊಂಡೆವೋ ಅದನ್ನು ಇಲ್ಲಿ ಬರೆಯಲಾರೆ. ತಮ್ಮ ಹಿಂಬರಹದ ಮೂರನೇ ಸಾಲು ಹೀಗಿದೆ: "ದಾನಿಯ ತಾಯಿಯಾದ ಶ್ರೀಮತಿ ಮರಮ್ಮ ಕೋಂ ಲೇಟ್ ಸಣ್ಣಬೀರಯ್ಯ ಇವರು ಸಮಿತಿಯ ಮುಂದೆ ಖುದ್ದು ಹಾಜರಾಗಿ, ದಾನಿಯನ್ನು ತಾವೇ ಹೆತ್ತಿರುವುದಾಗಿ ಮೌಖಿಕವಾಗಿ ಒಪ್ಪಿಕೊಂಡಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಿದೆ." ಈ ಪತ್ರ ಆ ಒಂದು ಸಾಲಿನ ಕುರಿತು.

ಇದೇ ವಿಷಯವನ್ನು ಮುಚ್ಚಿದ ಲಕೋಟೆಯಲ್ಲಿ ಮೂರು ಸಲ ಕಳಿಸಿದ್ದೇನೆ. ಮೂರಕ್ಕೂ ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ತಮ್ಮ ಕಚೇರಿಯಲ್ಲಿ ಲಕೋಟೆ ತೆಗೆದುಕೊಳ್ಳುವವರು ಬೇರೆ, ಒಡೆಯುವವರು ಬೇರೆ, ಓದುವವರು ರಜೆಯಲ್ಲಿ ಎಂದು ಕಾಣುತ್ತದೆ. ಆದ್ದರಿಂದ ಈ ಸಲ ಲಕೋಟೆಯೇ ಇಲ್ಲದೆ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ, ನಾನು ತಮ್ಮಿಂದ ದುಡ್ಡು ಕೇಳುತ್ತಿಲ್ಲ. ಒಂದು ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ ಎಂದು ಕೇಳುತ್ತಿದ್ದೇನೆ.

ನನ್ನ ಪರಿಚಯ ಹೇಳಬೇಕು. ಹುಣಸೂರಿನ ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಖಾತೆ ಬದಲಾವಣೆ, ವಿಧವಾ ವೇತನ, ಜಾತಿ ಪ್ರಮಾಣಪತ್ರ, ಹೆಸರು ತಿದ್ದುಪಡಿ, ಎಲ್ಲವನ್ನೂ ಬರೆದಿದ್ದೇನೆ. "ಪರಿಶೀಲನೆಯಲ್ಲಿದೆ" ಎಂದರೆ ಕಡತ ಸಿಕ್ಕಿಲ್ಲ, "ಸೂಕ್ತ ಕ್ರಮ ವಹಿಸಲಾಗುವುದು" ಎಂದರೆ ಇನ್ನು ಮನೆಗೆ ಹೋಗಿ ಎಂದು ಅರ್ಥ ಮಾಡಿಕೊಳ್ಳುವಷ್ಟು ತಮ್ಮ ಭಾಷೆ ನನಗೆ ಬರುತ್ತದೆ. ಜನ ನನ್ನ ಹತ್ತಿರ ಬರುವುದೇ ಆ ಭಾಷೆಗಾಗಿ. ತಪ್ಪಿಲ್ಲದ ಅರ್ಜಿ ಬೇಕಾದರೆ ಮಹೇಶನ ಹತ್ತಿರ ಹೋಗಿ ಎಂದು ಒಳಗಿನ ಗುಮಾಸ್ತರೇ ಕಳಿಸಿಕೊಡುತ್ತಾರೆ, ಅದರ ಬಗ್ಗೆ ನನಗೆ ಜಂಬವೂ ಇತ್ತು.

ಸುಕನ್ಯ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ಆಷಾಢ ಶ್ರಾವಣದಲ್ಲಿ ಮಾತ್ರ ಗುರುಪುರದ ತನ್ನ ತವರಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೊಪ್ಪು ಕಟ್ಟಲು ಹೋಗುತ್ತಾಳೆ. ಹಸಿ ಎಲೆಗಳನ್ನು ಕಡ್ಡಿಗೆ ದಾರದಿಂದ ಕಟ್ಟಿ, ಒಣಗಿಸಲು ಬ್ಯಾರನ್ ಎಂಬ ಆ ಗೂಡಿನೊಳಗೆ ಏರಿಸಿ ಕೊಡುವ ಕೆಲಸ. ಮಳೆಯಲ್ಲಿ ನೆನೆದ ಎಲೆ ಹಿಡಿದರೆ ಅದರ ರಸ ಚರ್ಮಕ್ಕಿಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಅದಕ್ಕೆ ನಮ್ಮಲ್ಲಿ ಸೊಪ್ಪಿನ ನಂಜು ಎನ್ನುತ್ತಾರೆ. ಹುಳಿ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿದು ಎರಡು ದಿನ ಮಲಗಿದರೆ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಹೋದ ವರ್ಷ ಸುಕನ್ಯ ಸುಸ್ತು ಎಂದಳು, ವಾಂತಿ ಎಂದಳು. ನಂಜು ಎಂದೆವು. ತೋಳಿನ ಮೇಲೆ ನೀಲಿ ಕಲೆ ಎದ್ದವು, ಕಡ್ಡಿ ತಗುಲಿದೆ ಎಂದೆವು. ಹಲ್ಲುಜ್ಜಿದರೆ ರಕ್ತ ಬರುತ್ತಿದೆ ಎಂದಳು, ಬ್ರಷ್ ಬದಲಾಯಿಸು ಎಂದೆ. ಏಳು ವಾರ ಅವಳಿಗೆ ಮಜ್ಜಿಗೆ ಕುಡಿಸಿದವನು ನಾನೇ. ಬೇರೆ ಊರಿನವರಾಗಿದ್ದರೆ ಮೊದಲ ವಾರವೇ ಡಾಕ್ಟರ ಹತ್ತಿರ ಓಡುತ್ತಿದ್ದರು, ನಾವು ಸೊಪ್ಪಿನವರು.

ಅದು ನಂಜಲ್ಲ ಎಂದು ಕಂಡುಹಿಡಿದವಳು ಸಿಂಧು. ಅವಳು ಕೃಷ್ಣರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್, ಗಂಡನ ಮನೆ ಚುಂಚನಕಟ್ಟೆ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಅಕ್ಕನ ಮನೆಗೆ ಬಂದವಳು ಅಕ್ಕನ ಕೈಗೆ ಬಳೆ ತೊಡಿಸುವಾಗ ತೋಳನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದಳು. ಬಳೆ ಕೆಳಗಿಟ್ಟು ನನ್ನನ್ನು ಅಡುಗೆ ಮನೆಗೆ ಕರೆದಳು. "ಭಾವ, ಇದು ಸೊಪ್ಪಿನ್ ನಂಜಲ್ಲ ಕಣಿ. ನಾಳೀಕೇ ರಕ್ತ ಟೆಸ್ಟ್ ಮಾಡ್ಸಿ. ಹಬ್ಬ ಮುಗೀಲಿ ಅಂತ ಕಾಯ್ಬ್ಯಾಡಿ" ಎಂದಳು. ಮೈಸೂರಿನಲ್ಲಿ ಪರೀಕ್ಷೆ, ಅಲ್ಲಿಂದ ಬೆಂಗಳೂರು. ಎರಡು ಬೇರೆ ಬೇರೆ ಜಾತಿಯ ರಕ್ತ ಕ್ಯಾನ್ಸರಿನ ಲಕ್ಷಣ ಒಂದೇ ಮೈಯಲ್ಲಿ ಬೆರೆತಿದೆ, ರಕ್ತ ಕ್ಯಾನ್ಸರ್ ಆದ ನೂರು ಜನರಲ್ಲಿ ಎರಡು ಮೂರು ಜನಕ್ಕೆ ಬರುವಂಥದ್ದು ಎಂದರು ಡಾಕ್ಟರು. ಮೂರು ತಿಂಗಳ ಕೀಮೋ ಆಯಿತು. ಕೂದಲು ಹೋಯಿತು, ಇನ್ನು ಮಕ್ಕಳಾಗುವುದಿಲ್ಲ ಎಂಬುದೂ ಗೊತ್ತಾಯಿತು. ಕಾಯಿಲೆ ಹಿಡಿತಕ್ಕೆ ಬಂತು. ಆದರೆ ಈ ಹಿಡಿತ ಬಹಳ ದಿನ ನಿಲ್ಲುವುದಿಲ್ಲ, ಅಷ್ಟರೊಳಗೆ ಒಡಹುಟ್ಟಿದವರ ಮಜ್ಜೆ ಕಸಿ ಮಾಡಬೇಕು, ಒಮ್ಮೆ ಕಾಯಿಲೆ ತಿರುಗಿ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದರು. ಅವರು ಹೇಳಿದ್ದು ಅಷ್ಟೇ ಮಾತು, ನಾನು ಅದನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತೇನೆ.

ದೇಶದ ದಾನಿಗಳ ಪಟ್ಟಿಯಲ್ಲಿ ಹುಡುಕಿಸಿದೆವು, ಹೊಂದುವವರು ಸಿಗಲಿಲ್ಲ. ಸಿಂಧುವಿನ ರಕ್ತ ಹತ್ತಕ್ಕೆ ಹತ್ತು ಗುರುತು ಹೊಂದಿತು. "ಪಿಯುಸೀಲಿ ಬರ್ದೇ ಇದ್ದ ಮಾರ್ಕ್ಸು ಈಗ್ ಬಂತು ಬುಡಕ್ಕ" ಎಂದು ಸಿಂಧು ನಕ್ಕಳು. ಆಗ ಅವಳ ಮಗುವಿಗೆ ಒಂದು ವರ್ಷ ಎರಡು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಿತ್ತು. ಮಜ್ಜೆ ತೆಗೆಯುವ ಮೊದಲು ಕೊಡುವ ಇಂಜೆಕ್ಷನ್ ಮಗುವಿಗೆ ಆಗದು, ಹಾಲು ಬಿಡಿಸಬೇಕು ಎಂದರು. ಎದೆಗೆ ಬೇವಿನ ರಸ ಹಚ್ಚಿಕೊಂಡು ಬಿಡಿಸಿದಳು. ಮಗು ಬಾಯಿಟ್ಟು, ಮುಖ ಹಿಂಡಿ, ಅತ್ತು, ಮತ್ತೆ ಬಾಯಿಡಲು ಬರುತ್ತಿತ್ತು. ಐದು ದಿನ ಹೀಗೆ ನಡೆಯಿತು, ಐದೂ ದಿನ ತಾಯಿಯೂ ಮಗುವಿನ ಜೊತೆ ಅತ್ತಳು. ಮಾನ್ಯರೇ, ಫೆಬ್ರವರಿ ಹನ್ನೊಂದರ ತಾರೀಕಿಗೋಸ್ಕರ ಬಿಡಿಸಿದ ಹಾಲು ಅದು. ತಾರೀಕನ್ನು ತಾವು ಮುಂದೂಡಬಹುದು, ಬತ್ತಿದ ಹಾಲನ್ನು ಯಾವ ಕಚೇರಿ ಮಂಜೂರು ಮಾಡುತ್ತದೆ?

ಇನ್ನು ತಮ್ಮ ಆಕ್ಷೇಪಣೆಗೆ ಬರುತ್ತೇನೆ. ಸುಕನ್ಯಳ ದಾಖಲೆಗಳಲ್ಲಿ ತಂದೆ ಗುರುಪುರದ ಚಾಮಯ್ಯ, ತಾಯಿ ರುಕ್ಮಿಣಮ್ಮ. ಸಿಂಧುವಿನ ದಾಖಲೆಗಳಲ್ಲಿ ತಂದೆ ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿಯ ಸಣ್ಣಬೀರಯ್ಯ, ತಾಯಿ ಮರಮ್ಮ. ತಂದೆ ತಾಯಿ ಬೇರೆಯಾದ ಮೇಲೆ ಒಡಹುಟ್ಟು ಹೇಗೆ ಎಂದು ತಾವು ಕೇಳಿದಿರಿ. ಬಡವರ ಮೈಯನ್ನು ಕೊಳ್ಳುವ ಮಾರುವ ದಂಧೆ ಇರುವ ದೇಶದಲ್ಲಿ ಈ ಪ್ರಶ್ನೆ ಕೇಳಲೇಬೇಕು. ಸಂಬಂಧ ತೋರದಿದ್ದರೆ ಸಮಿತಿಯ ಅನುಮತಿ ಬೇಕೆಂಬ ನಿಯಮವನ್ನು ನಾನು ಒಪ್ಪುತ್ತೇನೆ. ನಾನು ಒಪ್ಪದೆ ಇರುವುದು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಿವಿ ಮುಚ್ಚಿಕೊಳ್ಳುವುದನ್ನು.

ಮರಮ್ಮ ರುಕ್ಮಿಣಮ್ಮನ ಅಕ್ಕ. ಮದುವೆಯಾಗಿ ಹದಿನೆಂಟು ವರ್ಷವಾದರೂ ಮಕ್ಕಳಿರಲಿಲ್ಲ. ರುಕ್ಮಿಣಮ್ಮನಿಗೆ ಎರಡನೇ ಹೆಣ್ಣು ಮಗು ಹುಟ್ಟಿದಾಗ, ಹನ್ನೊಂದನೇ ದಿನ, ಹೆಸರಿಡುವುದಕ್ಕೂ ಮೊದಲು ಅದನ್ನು ಅಕ್ಕನ ಮಡಿಲಿಗೆ ಹಾಕಿದರು. ಈ ಮನೆತನಗಳಲ್ಲಿ ಅದಕ್ಕೊಂದು ಕ್ರಮವಿದೆ. ಪಡೆಯುವವಳು ಸೆರಗು ಹರಡಿ ಕೂರುತ್ತಾಳೆ, ಹೆತ್ತವಳು ಐದು ಹಿಡಿ ಅಕ್ಕಿ ಸುರಿದು ಅದರ ಮೇಲೆ ಮಗುವನ್ನು ಮಲಗಿಸಿ "ನಿಂದು" ಎನ್ನುತ್ತಾಳೆ. ಪಡೆದವಳು "ನಂದು, ನಾನೇ ಎತ್ತಿದ್ದು" ಎನ್ನುತ್ತಾಳೆ, ನಮ್ಮ ಕಡೆ ಹೆತ್ತದ್ದಕ್ಕೂ ಎತ್ತಿದ್ದು ಎಂದೇ ಅನ್ನುವುದು. ಅಲ್ಲಿಂದ ಮುಂದೆ ಹೆತ್ತವಳು ಆ ಮಗುವನ್ನು ನನ್ನದೆನ್ನುವಂತಿಲ್ಲ, ಪಡೆದವಳು ಹೊರಗಿನವರ ಮುಂದೆ ನಾನು ಹೆತ್ತದ್ದಲ್ಲ ಎನ್ನುವಂತಿಲ್ಲ. ಹಾಗೆ ಬಾಯಿಬಿಟ್ಟರೆ ಆ ಮಗುವಿನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮನೆಯವರಿಗೆಲ್ಲ ಸತ್ಯ ಗೊತ್ತಿರುತ್ತದೆ, ಸುಕನ್ಯ ಸಿಂಧು ಇಬ್ಬರಿಗೂ ಚಿಕ್ಕಂದಿನಿಂದ ಗೊತ್ತು. ಹೊರಗಿನವರಿಗೆ ಹೇಳುವುದಿಲ್ಲ, ಅಷ್ಟೇ. ತಾವು ಕೇಳಿದ ದತ್ತು ಪತ್ರ ನಮ್ಮಲ್ಲಿಲ್ಲ, ಸೆರಗಿಗೆ ನೋಂದಣಿ ಸಂಖ್ಯೆ ಹಾಕಿಸುವ ಬುದ್ಧಿ ಆ ಹೆಂಗಸರಿಗೆ ಹೊಳೆಯಲಿಲ್ಲ.

ಆದರೆ ಗುರುಪುರದ ಜನನ ದಾಖಲೆ ಪುಸ್ತಕದಲ್ಲಿ ಆ ಹೆರಿಗೆ ದಾಖಲಾಗಿತ್ತು. ತಂದೆ ಚಾಮಯ್ಯ, ತಾಯಿ ರುಕ್ಮಿಣಮ್ಮ, ಹೆಣ್ಣು ಮಗು, ಹೆಸರಿನ ಜಾಗ ಖಾಲಿ. ಅದರ ನಕಲು ತಂದು ಕೊಟ್ಟೆ. ತಾವು ಬರೆದಿರಿ: ಸಿಂಧು ಎಂಬುವರಿಗೆ ನ್ಯಾಯಾಲಯದ ಆದೇಶದಂತೆ ಹಾರನಹಳ್ಳಿಯಲ್ಲಿ ಜನನ ಪ್ರಮಾಣಪತ್ರ ನೀಡಿರುವುದರಿಂದ, ಗುರುಪುರದಲ್ಲಿ ಜನಿಸಿದ ಸದರಿ ಹೆಸರಿಲ್ಲದ ಹೆಣ್ಣು ಮಗು ಪ್ರಸ್ತುತ ಎಲ್ಲಿದೆ ಎಂಬುದನ್ನು ಅರ್ಜಿದಾರರು ಸ್ಪಷ್ಟಪಡಿಸುವುದು. ಹತ್ತೊಂಬತ್ತು ವರ್ಷದಲ್ಲಿ ಸರ್ಕಾರದ ಎಂತೆಂಥ ಪತ್ರಗಳನ್ನೋ ಓದಿದ್ದೇನೆ. ಇಪ್ಪತ್ತೊಂಬತ್ತು ವರ್ಷದ ಹೆಂಗಸು ತಮ್ಮ ಮುಂದೆ ನಿಂತಿರುವಾಗ ಅವಳು ಹಸುಗೂಸಾಗಿದ್ದಾಗ ಎಲ್ಲಿ ಕಳೆದುಹೋದಳು ಎಂದು ಕೇಳುವ ಪತ್ರ ಇದೇ ಮೊದಲು. ಡಿಎನ್‌ಎ ಪರೀಕ್ಷೆಗೂ ಒಪ್ಪಿದೆವು. ಖಚಿತತೆಗಾಗಿ ತಂದೆ ತಾಯಿಯ ಮಾದರಿಯನ್ನೂ ಲಗತ್ತಿಸಿ ಎಂದಿರಿ. ಚಾಮಯ್ಯ ಹೋಗಿ ಹನ್ನೆರಡು ವರ್ಷ, ರುಕ್ಮಿಣಮ್ಮ ಹೋಗಿ ಎಂಟು ವರ್ಷ, ಇಬ್ಬರೂ ಗುರುಪುರದ ತಮ್ಮ ಹೊಲದ ಬದುವಿನಲ್ಲಿ ಮಣ್ಣಾಗಿದ್ದಾರೆ. ಅವರನ್ನು ಲಗತ್ತಿಸುವುದು ನನ್ನಿಂದಾಗಲಿಲ್ಲ. ದೊಡ್ಡಮ್ಮನ ಮಗಳ ರಕ್ತ ಹೀಗೆ ಹತ್ತಕ್ಕೆ ಹತ್ತು ಹೊಂದುವುದು ಬಲು ಅಪರೂಪ ಎಂದು ಡಾಕ್ಟರು ಬರೆದು ಕೊಟ್ಟರು. ಅದು ವೈದ್ಯಕೀಯ ಅಭಿಪ್ರಾಯ, ಸಂಬಂಧದ ದಾಖಲೆಯಲ್ಲ ಎಂದು ಬದಿಗಿಟ್ಟಿರಿ.

ಈಗ ನಾನು ತಪ್ಪೊಪ್ಪಿಕೊಳ್ಳುವ ಜಾಗಕ್ಕೆ ಬಂದೆ. ಆ ನ್ಯಾಯಾಲಯದ ಆದೇಶ ಪಡೆದು ಕೊಟ್ಟವನು ನಾನು. ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು, ಸಿಂಧುವಿಗೆ ನರ್ಸಿಂಗ್ ಸೀಟಿಗೆ ಜನನ ಪ್ರಮಾಣಪತ್ರ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ಸಣ್ಣಬೀರಯ್ಯನವರ ಹೆಸರು, ಗುರುಪುರದ ಪುಸ್ತಕದಲ್ಲಿ ಚಾಮಯ್ಯನವರ ಹೆಸರು. ಎರಡೂ ನನ್ನ ಕೈಯಲ್ಲಿದ್ದವು. ಸಣ್ಣಬೀರಯ್ಯನವರು ಹಾರನಹಳ್ಳಿಯಿಂದ ಬಂದು ನನ್ನ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತು, ಎಲೆ ಅಡಿಕೆ ಕೈಲಿಟ್ಟು, "ಅಳಿಮಯ್ಯ, ನನ್ ಎಸ್ರೇ ಇರ್ಲಿ ಕಣಪ್ಪ. ನಾಳೀಕೆ ಅವ್ಳ್ ಓದಿ ದೊಡ್ಡೋಳಾದ್ರೆ ನನ್ ಮಗ್ಳು ಅಂತ ಯೋಳ್ಕಳಾಕಾದ್ರೂ ಒಂದ್ ಕಾಗ್ದ ಬ್ಯಾಡ್ವಾ" ಎಂದರು. ಹೇಗೆ ಬೇಡವೆನ್ನಲಿ? ಹಾರನಹಳ್ಳಿಯಲ್ಲಿ ಸಿಂಧುವಿನ ಜನನ ನೋಂದಣಿಯಾಗಿಲ್ಲ ಎಂಬ ಪತ್ರ ತೆಗೆಸಿದೆ. ಅದು ಸತ್ಯವೇ, ಅವಳು ಅಲ್ಲಿ ಹುಟ್ಟಿಯೇ ಇರಲಿಲ್ಲ. ಆ ಸತ್ಯವನ್ನಿಟ್ಟುಕೊಂಡು, ಅವಳು ಅಲ್ಲೇ ಮರಮ್ಮನ ಹೊಟ್ಟೆಯಲ್ಲಿ ಹುಟ್ಟಿದಳೆಂಬ ಪ್ರಮಾಣಪತ್ರ ಬರೆದು, ಕೋರ್ಟಿನಿಂದ ಆದೇಶ ಮಾಡಿಸಿದೆ. ಗುರುಪುರದ ನಕಲನ್ನು ಹರಿದುಹಾಕಿದೆ. ದಾಖಲೆ ಎಲ್ಲ ಒಂದೇ ಥರ ಇದ್ದರೆ ಮುಂದೆ ತೊಂದರೆಯಿಲ್ಲ ಎಂಬುದು ನನ್ನ ಮೇಜಿನ ಧರ್ಮ. ಸಣ್ಣಬೀರಯ್ಯನವರು ಆ ಜನನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತು ಹಾಕಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು, ಅದು ಈಗಲೂ ಅಲ್ಲೇ ಇದೆ.

ಆ ಕಾಗದದಿಂದ ಸಿಂಧು ನರ್ಸ್ ಆದಳು. ನರ್ಸ್ ಆದ್ದರಿಂದ ಅಕ್ಕನ ಕಾಯಿಲೆ ಕಂಡುಹಿಡಿದಳು. ಅದೇ ಕಾಗದ ಈಗ ಅವಳ ಮಜ್ಜೆ ಅಕ್ಕನಿಗೆ ಹೋಗದಂತೆ ಅಡ್ಡ ನಿಂತಿದೆ. ಸುಳ್ಳು ಪ್ರಮಾಣ ಬರೆದದ್ದಕ್ಕೆ ನನಗೆ ಯಾವ ಶಿಕ್ಷೆ ಇದೆಯೋ ಅದನ್ನು ಕೊಡಿ. ಕಲಂ ಯಾವುದೆಂದು ಹುಡುಕುವ ಶ್ರಮ ತಮಗೆ ಬೇಡ, ನಾನೇ ದೂರು ಬರೆದು ನಾನೇ ಸಹಿ ಹಾಕಿ ತಂದುಕೊಡುತ್ತೇನೆ. ಅಷ್ಟು ಅಚ್ಚುಕಟ್ಟಾಗಿ ಬರೆಯುವವರು ಹುಣಸೂರಿನಲ್ಲಿ ಬೇರೆ ಇಲ್ಲ. ಆದರೆ ಶಿಕ್ಷೆ ನನಗೆ ಕೊಡಿ, ಅವಳಿಗಲ್ಲ.

ಮರಮ್ಮನವರಿಂದ ಪ್ರಮಾಣಪತ್ರ ತನ್ನಿ ಎಂದು ತಮ್ಮ ಕಚೇರಿ ಜನವರಿಯಲ್ಲಿ ಹೇಳಿತು. ನಾನೇ ಬರೆದೆ, "ಸಿಂಧು ಎಂಬುವರನ್ನು ನಾನು ಹೆತ್ತಿರುವುದಿಲ್ಲ" ಎಂದು. ಹಾರನಹಳ್ಳಿಗೆ ಹೋಗಿ ಓದಿ ಹೇಳಿದೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಓದಲು ಬರುವುದಿಲ್ಲ. ಕೇಳಿಸಿಕೊಂಡು ಇನ್ನೊಂದು ಸಲ ಓದಿಸಿದರು. ಆಮೇಲೆ, "ಇದ ಒತ್ತುದ್ರೆ ಸುಕನ್ಯ ಉಳ್ಕತಾಳಾ?" ಎಂದರು.

"ಉಳ್ಕತಾಳೆ ದೊಡ್ಡವ್ವ" ಎಂದೆ. ಅಷ್ಟು ಖಚಿತವಾಗಿ ಹೇಳಲು ನನಗೆ ಯಾವ ಅಧಿಕಾರವಿತ್ತೋ ಗೊತ್ತಿಲ್ಲ.

"ಯಾರೂ ಓದಿ ಯೋಳಕಿಲ್ಲ ತಾನೆ ನಾಕ್ ಜನದ್ ಮುಂದೆ?"

"ಇಲ್ಲ" ಎಂದೆ. ಹೆಬ್ಬೆಟ್ಟು ಒತ್ತಿದರು. ಒತ್ತಿದ ಬೆರಳನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡರು.

ತಮಗೆ ಹೆಬ್ಬೆಟ್ಟು ಸಾಲಲಿಲ್ಲ. ಜನವರಿ ಇಪ್ಪತ್ತೆರಡಕ್ಕೆ ಖುದ್ದು ಹಾಜರಾಗಬೇಕು ಎಂದಿರಿ. ಬೆಳಗ್ಗೆ ಐದರ ಬಸ್ಸಿಗೆ ಹೊರಟು ಹನ್ನೊಂದಕ್ಕೆ ತಮ್ಮ ಬಾಗಿಲಲ್ಲಿದ್ದೆವು. ಸದಸ್ಯರು ಸೇರಿಲ್ಲವೆಂದು ಮಧ್ಯಾಹ್ನ ಮೂರೂವರೆಯವರೆಗೆ ಬೆಂಚಿನ ಮೇಲೆ ಕೂರಿಸಿದಿರಿ. ಮರಮ್ಮನವರು ನೀರು ಕುಡಿಯಲಿಲ್ಲ, ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಅಷ್ಟರಲ್ಲಿ ಕರೆದುಬಿಟ್ಟರೆ ಎಂಬ ಭಯ. ಒಳಗೆ ಒಬ್ಬರನ್ನೇ ಬಿಟ್ಟರು. ನಾಲ್ಕು ನಿಮಿಷದಲ್ಲಿ ಹೊರಗೆ ಬಂದರು. "ಏನ್ ಕೇಳುದ್ರು ದೊಡ್ಡವ್ವ?" ಎಂದೆ. "ಕೇಳುದ್ರು, ಯೋಳ್ದೆ" ಎಂದರು. ನನಗೆ ಅಷ್ಟೇ ಸಾಕಾಯಿತು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಬಂದ ಹಾಗೆ ಸಮಾಧಾನವಾಯಿತು.

ಹಿಂಬರಹ ಬಂದ ದಿನ ನಮ್ಮ ಮನೆಯಲ್ಲಿ ಸುಕನ್ಯ, ಸಿಂಧು, ಮರಮ್ಮ ಮೂವರೂ ಇದ್ದರು. ನಾನು ಗಟ್ಟಿಯಾಗಿ ಓದಿದೆ. ಮೂರನೇ ಸಾಲು ಓದಿ ಮುಗಿಸಿದಾಗ, ಹೊಸಿಲ ಬಳಿ ಕೂತು ಹುರುಳಿ ಆರಿಸುತ್ತಿದ್ದ ಮರಮ್ಮನವರ ಕೈ ನಿಂತಿತು. ಅವರೇ ಹೇಳಿದರು. "ಕನ್ನಡ್ಕ ಆಕ್ಕಂಡೋರು ಕೇಳುದ್ರು, ಅಜ್ಜಿ, ಸಿಂಧೂನ ಎತ್ತೋರು ನೀವೇನಾ ಅಂತ. ಎದ್ರುಗೆ ಐದ್ ಜನ, ಕಂಡಿಲ್ದೋರು. ಇಲ್ಲ ಅನ್ನಾನ ಅಂತ್ಲೇ ಒಳಿಕ್ಕೋದೆ ಕಣಪ್ಪ. ಬಾಯಿ ಬರ್ಲಿಲ್ಲ. ಅಂದ್ಬುಟ್ರೆ ಈ ಕೂಸ್ಗೆ ಏನಾರಾ ಆಗ್ಬುಟ್ರೆ ಅನ್ನುಸ್ತು. ಊಂ, ನಾನೇ ಎತ್ತಿದ್ದು ಅಂದ್ಬುಟ್ಟೆ. ಒತ್ತೀವ್ನಲ್ಲ ಕಾಗ್ದ, ಅದ್ ನೋಡ್ಕತಾರೆ ಅಂತಿದ್ದೆ."

ಯಾರೂ ಬೈಯಲಿಲ್ಲ. ನಾನು ಬೈಯಬೇಕೆಂದಿದ್ದೆ, ಆಗಲಿಲ್ಲ. ಸುಕನ್ಯ ಒಳಗಿನ ಕೋಣೆಯಿಂದ, ಮಾಸ್ಕ್ ಹಾಕಿಕೊಂಡೇ, "ಬುಡು ದೊಡ್ಡವ್ವ, ನಾನಾಗಿದ್ರೂ ಅಂಗೇ ಅಂತಿದ್ದೆ" ಎಂದಳು. ಸಿಂಧು ಅಕ್ಕನ ಹತ್ತಿರ ಹೋಗಿ, "ನಂಗೆ ಇನ್ನೊಂದಾದ್ರೆ ಅದು ನಿನ್ ಮಡ್ಲಿಗೇ ಕಣಕ್ಕ, ನೀ ಉಳ್ಕೊ ಸಾಕು" ಎಂದಳು. "ಬ್ಯಾಡ ಕಣೆ, ನಿಮ್ ಭಾವ ಆಮ್ಯಾಲೆ ಅದ್ಕೂ ಕಾಗ್ದ ಮಾಡುಸ್ತಾರೆ" ಎಂದಳು ಸುಕನ್ಯ. ಇಬ್ಬರೂ ನಕ್ಕರು. ನಾನು ಹೊರಗೆ ಬಂದು ನಿಂತುಕೊಂಡೆ.

ಮಾನ್ಯರೇ, ಒಂದು ಮಾತು ಕೇಳುತ್ತೇನೆ. ತಮ್ಮ ಮೇಜಿನ ಮೇಲೆ ಆ ದಿನ ಮೂರು ಸಾಕ್ಷಿಗಳಿದ್ದವು. ರಕ್ತದ ವರದಿ ಒಡಹುಟ್ಟೇ ಎನ್ನುತ್ತಿತ್ತು. ಗುರುಪುರದ ಪುಸ್ತಕ ಹೌದೆನ್ನುತ್ತಿತ್ತು. ಆ ಮುದುಕಿಯದೇ ಹೆಬ್ಬೆಟ್ಟು ಹೌದೆನ್ನುತ್ತಿತ್ತು. ಇವು ಮೂರನ್ನೂ ಬಿಟ್ಟು, ಬೆಳಗಿನಿಂದ ನೀರು ಕುಡಿಯದ ಒಬ್ಬ ಮುದುಕಿ ಐದು ಜನ ಅಪರಿಚಿತರ ಮುಂದೆ ಆಡಿದ ಒಂದು ಮಾತನ್ನು ಮಾತ್ರ ತಾವು ನಂಬಿದಿರಿ. ನಮ್ಮಂಥವರ ಮಾತನ್ನು ತಮ್ಮ ಕಚೇರಿ ಇಷ್ಟು ಗೌರವದಿಂದ ಸ್ವೀಕರಿಸಿದ್ದನ್ನು ನಾನು ಈ ಹಿಂದೆ ಕಂಡಿರಲಿಲ್ಲ. ಪಿಂಚಣಿ ಬಂದಿಲ್ಲ ಎಂದು ಅದೇ ಮರಮ್ಮ ಏಳು ತಿಂಗಳು ಬಾಯಿಬಿಟ್ಟು ಹೇಳಿದಾಗ ದಾಖಲೆ ತನ್ನಿ ಎಂದವರು ನೀವೇ ಅಲ್ಲವೇ, ಅಥವಾ ನಿಮ್ಮಂಥದೇ ಇನ್ನೊಂದು ಕಚೇರಿ? ಪ್ರಮಾಣಪತ್ರಕ್ಕೂ ಮಾತಿಗೂ ತಾಳೆಯಾಗದಿದ್ದಾಗ, ಅಜ್ಜಿ, ಯಾಕೆ ಹೀಗೆ ಎಂದು ಇನ್ನೊಂದು ಪ್ರಶ್ನೆ ಕೇಳಲು ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಬದಲಿಗೆ "ದಾಖಲೆ ತಿರುಚಿ ದಾನಿಯನ್ನು ಹಾಜರುಪಡಿಸಿರುವ ಶಂಕೆ" ಎಂದು ಬರೆದಿರಿ. ಸಿವಿಲ್ ನ್ಯಾಯಾಲಯದಿಂದ ಘೋಷಣೆ ತನ್ನಿ ಎಂದಿರಿ. ಆ ನ್ಯಾಯಾಲಯಗಳ ಮುಂದೆ ನನ್ನ ಕೈಬರಹದ ಕಡತಗಳು ಎಷ್ಟು ವರ್ಷದಿಂದ ಬಿದ್ದಿವೆ ಎಂದು ನನಗೆ ಗೊತ್ತು. ನಮ್ಮಲ್ಲಿರುವುದು ವರ್ಷಗಳಲ್ಲ.

ಫೆಬ್ರವರಿ ಹನ್ನೊಂದು ಕಳೆಯಿತು. ಮೊನ್ನೆಯ ಪರೀಕ್ಷೆಯಲ್ಲಿ ಕಾಯಿಲೆ ಇನ್ನೂ ಹಿಡಿತದಲ್ಲಿದೆ, ಆದರೆ ಬಿಳಿ ಕಣಗಳ ಲೆಕ್ಕ ಡಾಕ್ಟರಿಗೆ ಹಿಡಿಸಿಲ್ಲ. ಮಾರ್ಚ್ ನಾಲ್ಕಕ್ಕೆ ಇನ್ನೊಂದು ಹಾಸಿಗೆ ಖಾಲಿಯಾಗುತ್ತದೆ, ಈ ಫೆಬ್ರವರಿ ಕೊನೆಯವರೆಗೆ ಅದನ್ನು ಬೇರೆಯವರಿಗೆ ಗೊತ್ತುಮಾಡದೆ ನಿಮಗಾಗಿ ಹಿಡಿದಿಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದಾರೆ. ಸುಕನ್ಯ ತನ್ನ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿಸಿದ್ದಾಳೆ. ಹೊಲಿಯಲು ಕೊಟ್ಟವರ ರವಿಕೆ ಬಟ್ಟೆಗಳನ್ನು ಒಂದೊಂದಾಗಿ ವಾಪಸ್ ಕೊಡಲು ನನ್ನ ಕೈಯಲ್ಲೇ ಕಳಿಸುತ್ತಿದ್ದಾಳೆ. ನನಗೆ ಭಯವಾಗುತ್ತದೆ. ಇಷ್ಟು ವರ್ಷ ಬೇರೆಯವರ ಕಷ್ಟಕ್ಕೆ ತಕ್ಕ ಪದ ಹುಡುಕಿ ಕೊಟ್ಟವನು ನಾನು, ನನ್ನದಕ್ಕೆ ಇದೊಂದೇ ಪದ ಸಿಗುತ್ತಿದೆ.

ಕಳೆದ ಶುಕ್ರವಾರ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮರಮ್ಮನವರು ಹಾರನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದರು, ಮಡಿಲಲ್ಲಿ ಅಕ್ಕಿಯ ಗಂಟು ಇತ್ತು. ಸಿಂಧುವನ್ನೂ ಬರಹೇಳಿದ್ದರು. ಕೊಟ್ಟ ಮಗುವನ್ನು ಹಿಂತಿರುಗಿಸುವ ಶಾಸ್ತ್ರ ನಮ್ಮಲ್ಲಿ ಇಲ್ಲ, ಯಾರೂ ಹಾಗೆ ಮಾಡಿದ್ದನ್ನು ಕೇಳಿಲ್ಲ. ಅವರೇ ಒಂದನ್ನು ಕಟ್ಟಿಕೊಂಡು ಬಂದಿದ್ದರು. ರುಕ್ಮಿಣಮ್ಮ ಇಲ್ಲದ್ದರಿಂದ ಆಕೆಯ ಹಿರಿ ಮಗಳ ಸೆರಗಿಗೆ ಅಕ್ಕಿ ಹಾಕುತ್ತೇನೆ ಎಂದರು. ಸುಕನ್ಯಳ ಹತ್ತಿರ ಹಸಿ ಅಕ್ಕಿ, ಧೂಳು ಯಾವುದೂ ಸುಳಿಯುವಂತಿಲ್ಲ. ಕೋಣೆಯ ಬಾಗಿಲ ಹೊರಗೆ ನಾನು ನನ್ನ ಟವೆಲ್ ಹರಡಿಕೊಂಡು ಕೂತೆ, ಒಳಗೆ ಮಂಚದ ಮೇಲಿಂದ ಸುಕನ್ಯ ನೋಡುತ್ತಿದ್ದಳು. ಮರಮ್ಮ ಐದು ಹಿಡಿ ಅಕ್ಕಿ ಸುರಿದರು. "ರುಕ್ಮಿಣಿ, ನಿನ್ ಅಕ್ಕಿ ನಿಂಗೆ ವಾಪಸ್ ಕಣವ್ವ. ಕೂಸೂ ನಿಂದೇ. ಏನಾರಾ ಆಗೋದಿದ್ರೆ ನಂಗಾಗ್ಲಿ, ಅದ್ಕೆ ಬ್ಯಾಡ" ಎಂದರು. ಇಪ್ಪತ್ತೊಂಬತ್ತು ವರ್ಷದ ಕೂಸು ಗೋಡೆ ಕಡೆ ತಿರುಗಿ ನಿಂತಿತ್ತು.

ಅಂದಿನಿಂದ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಬೆಳಗ್ಗೆ ಮುಖ ತೊಳೆದು ಹೊಸಿಲ ಮೇಲೆ ಕೂತು, ರಸ್ತೆಯ ಕಡೆ ಮುಖ ಮಾಡಿ, ಹೋಗಿ ಬರುವವರಿಗೆ ಕೇಳುವಷ್ಟು ಗಟ್ಟಿಯಾಗಿ, "ನಾ ಎತ್ತಿಲ್ಲ. ಸಿಂಧೂನ ನಾ ಎತ್ತಿಲ್ಲ" ಎನ್ನುತ್ತಾರೆ. ಮೊದಲ ದಿನ ಅರ್ಧಕ್ಕೆ ನಿಲ್ಲಿಸಿದರು. ಎರಡನೇ ದಿನ ಪೂರ್ತಿ ಹೇಳಿ ಎದ್ದು ಹೋಗಿ ವಾಂತಿ ಮಾಡಿಕೊಂಡರು. "ಸಾಕು ಬುಡು ದೊಡ್ಡವ್ವ" ಎಂದು ಸುಕನ್ಯ ಒಳಗಿನಿಂದ ಕೂಗುತ್ತಾಳೆ. ಅವರನ್ನು ಮತ್ತೆ ಆ ಸಮಿತಿಯ ಕೋಣೆಗೆ ಕಳಿಸಬೇಡಿ ಎಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದಾಳೆ. ನಾನು ಹೂಂ ಎಂದಿದ್ದೇನೆ. ಆ ಪ್ರಮಾಣಪತ್ರ ಮೊದಲನೆಯದಾದರೆ, ಇದು ನನ್ನ ಎರಡನೇ ಸುಳ್ಳು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಕ್ತಾಯಗೊಳಿಸಿದ ಕಡತವನ್ನು ತೆರೆಯಿರಿ. ಇದೇ ತಿಂಗಳು ಇಪ್ಪತ್ತೆಂಟರೊಳಗೆ ಒಂದು ದಿನ ಸಮಿತಿ ಸೇರಿಸಿ. ಸದಸ್ಯರು ಐದೇ ಜನ ಇರಲಿ, ಐವತ್ತು ಜನ ಇರಲಿ. ಬೆಂಚಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಿಸಿ, ದೊಡ್ಡವ್ವ ಕೂರುತ್ತಾರೆ. ನನ್ನ ಮೇಲೆ ಮೊಕದ್ದಮೆ ಹೂಡುವುದಿದ್ದರೆ ಅದೇ ಬಾಗಿಲಲ್ಲಿ ನಿಂತಿರುತ್ತೇನೆ, ಹಿಡಿದುಕೊಳ್ಳಿ. ಮರಮ್ಮನವರನ್ನು ಇನ್ನೊಂದು ಸಲ ಕರೆದು, ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿ.

ಈ ಸಲ ಅವರು ತಪ್ಪು ಹೇಳುವುದಿಲ್ಲ. ಕಲಿತಿದ್ದಾರೆ.

ಇಂತಿ,
ಊರಿನವರ ದಾಖಲೆಯನ್ನೆಲ್ಲ ಸರಿ ಮಾಡಿಕೊಟ್ಟು ತನ್ನ ಮನೆಯದನ್ನೂ ಸರಿ ಮಾಡಲು ಹೋದ,
ಮಹೇಶ್‌ಕುಮಾರ್
ಅರ್ಜಿ ಬರಹಗಾರ, ಹೊಂಗೆ ಮರದ ಕೆಳಗೆ,
ಹುಣಸೂರು